ಎರಡನೇ ಪುಟದ ಹೆಸರು

ಯೋಗೀಶ್ ಅಂಜುಬುರುಕ. ಅವನನ್ನು ಬಲ್ಲವರು ಮೆತ್ತಗಿನವನು, ಯಾರ ತಂಟೆಗೂ ಹೋಗದವನು ಎನ್ನುತ್ತಾರೆ. ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದ್ದೇನೆ. ಮೆತ್ತಗಿನವನು ಯಾರು, ತಪ್ಪು ತನ್ನದೆಂದು ತಿಳಿದ ಕೂಡಲೇ ಹಿಂದಿನ ಬೆಂಚಿಗೆ ಸರಿಯುವವನು ಯಾರು ಎಂದು ನನಗೆ ಗೊತ್ತಾಗುತ್ತದೆ. ಯೋಗೀಶ್ ಎರಡನೆಯ ಬಗೆಯವನು.

ಅವನ ಊರು ಕಾಪು. ತಂದೆ ಮಲ್ಪೆಯ ಬೋಟುಗಳಲ್ಲಿ ದುಡಿದವರು. ತಾಯಿ ಈಗಲೂ ಕಾಪು ಪೇಟೆಯಲ್ಲಿ ಮೀನು ಮಾರುತ್ತಾರೆ. ಕಾರ್ಕಳದಲ್ಲಿ ಡಿಪ್ಲೊಮಾ ಮುಗಿಸಿ ಮಣಿಪಾಲದ ಒಂದು ಸಣ್ಣ ಕಂಪನಿ ಸೇರಿದ. ಅಲ್ಲಿ ಒಮ್ಮೆ ಗಿರಾಕಿಯೊಬ್ಬರ ವೆಬ್‌ಸೈಟು ಎರಡು ದಿನ ಕೆಟ್ಟು ನಿಂತಿತು. ಕೆಡಿಸಿದವನು ಯೋಗೀಶ್, ಬೈಗುಳ ತಿಂದು ಕೆಲಸ ಕಳೆದುಕೊಂಡವನು ಪಕ್ಕದ ಮೇಜಿನ ಆಲ್ವಿನ್. ಇದನ್ನು ನನಗೆ ಹೇಳಿದವನು ಆಲ್ವಿನ್ನೇ, ಅದೂ ನಗುತ್ತ.

"ಅವ ಬಾಯಿ ಬಿಡ್ಲಿಲ್ಲ ಮೇಡಂ. ಬಿಡ್ತಾನೆ ಅಂತ ಕಾದು ಕೂತದ್ದು ನನ್ನ ತಪ್ಪು."

ಆಮೇಲೆ ಆ ಕಂಪನಿಯೂ ಮುಚ್ಚಿತು. ಈಗ ಇಬ್ಬರೂ ಮಣಿಪಾಲದ ಈಶ್ವರನಗರದಲ್ಲಿ ಒಂದೇ ಕೋಣೆ ಹಿಡಿದು ತಮ್ಮ ತಮ್ಮ ಕೆಲಸ ಮಾಡಿಕೊಂಡಿದ್ದಾರೆ. ಆಲ್ವಿನ್ ಅವನನ್ನು ಹೇಗೆ ಸಹಿಸಿಕೊಂಡ ಎಂದು ನಾನು ಕೇಳಲಿಲ್ಲ.

ಯೋಗೀಶನ ಕೆಲಸ ಅಡ್ಮಿನ್ ಪ್ಯಾನೆಲ್ ಹೊಂದಿಸುವುದು. ವೆಬ್‌ಸೈಟಿಗೆ ಹೊರಗಿನವರು ನೋಡುವ ಮುಖ ಒಂದು, ಒಳಗಿನವರು ಕೂತು ಕೆಲಸ ಮಾಡುವ ಕೋಣೆ ಇನ್ನೊಂದು. ಪಟ್ಟಿ, ಫಾರ್ಮು, ಬಟನ್ನು ಎಲ್ಲ ಇರುವುದು ಈ ಒಳಕೋಣೆಯಲ್ಲಿ. ಪಿಎಚ್‌ಪಿ ಭಾಷೆಯ ಲಾರಾವೆಲ್ ಎಂಬ ಫ್ರೇಮ್‌ವರ್ಕಿಗೆ ಇಂಥ ಕೋಣೆಯನ್ನು ಎಬ್ಬಿಸಿ ಕೊಡುವ ಪ್ಯಾಕೇಜುಗಳು ಸಿದ್ಧವಾಗಿಯೇ ಸಿಗುತ್ತವೆ. ಅದನ್ನು ತಂದು ಕೂರಿಸಿ, ಯಾರಿಗೆ ಯಾವ ಪಟ್ಟಿ ಕಾಣಬೇಕು, ಹೆಸರುಗಳು ಯಾವ ಕ್ರಮದಲ್ಲಿ ಬರಬೇಕು, ಒಂದು ಪುಟಕ್ಕೆ ಎಷ್ಟು ಬರಬೇಕು ಎಂದು ಬರೆದುಕೊಟ್ಟರೆ ಆಯಿತು. "ಅಡುಗೆ ಬೇರೆಯವರು ಮಾಡಿಟ್ಟದ್ದು ಮೇಡಂ, ನಾನು ಬಡಿಸುದು ಮಾತ್ರ" ಎನ್ನುತ್ತಿದ್ದ. ವಿನಯ ಎಂದುಕೊಂಡಿದ್ದೆ. ಮುಂದೆ ಅನ್ನ ಹಳಸಿದರೆ ಹೇಳಲು ಇಟ್ಟುಕೊಂಡ ಮಾತು ಅದು.

ಕಾರ್ಕಳದಲ್ಲಿ ನಾವು ಕೆಲವರು ಒಂದು ಸಂಸ್ಥೆ ನಡೆಸುತ್ತೇವೆ. ಇನ್ನು ಮಾಡುವಂಥದ್ದೇನಿಲ್ಲ ಎಂದು ಆಸ್ಪತ್ರೆಯವರು ಮನೆಗೆ ಕಳುಹಿಸಿದ ರೋಗಿಗಳಿಗೆ ನೋವಿನ ಮಾತ್ರೆ ಕೊಡುವುದು, ಹುಣ್ಣು ತೊಳೆಯುವುದು ನಮ್ಮ ಕೆಲಸ. ಅಧ್ಯಕ್ಷರು ಬ್ಯಾಂಕಿನಿಂದ ನಿವೃತ್ತರಾದ ರಾಮದಾಸ ಪೈ, ಕಾರ್ಯದರ್ಶಿ ನಾನು. ರೋಗಿಗಳ ಹೆಸರು ನೋಂದಾಯಿಸುವ ಆಫೀಸು ಉಡುಪಿಯಲ್ಲಿದೆ. ಕಾರ್ಕಳದಿಂದ ಹೆಬ್ರಿಯವರೆಗಿನ ಮನೆಗಳಿಗೆ ಹೋಗುವ ನರ್ಸ್ ಸೌಮ್ಯಶ್ರೀ. ಒಂಬತ್ತು ವರ್ಷಗಳಿಂದ ಸ್ಕೂಟರಿನಲ್ಲಿ ಸುತ್ತುತ್ತಿದ್ದಾಳೆ.

ಹಳೆಯ ರಿಜಿಸ್ಟರ್ ಬಿಟ್ಟು ಕಂಪ್ಯೂಟರಿಗೆ ಹೋಗುವುದೆಂದು ತೀರ್ಮಾನವಾದಾಗ ಯೋಗೀಶನನ್ನು ಕರೆಸಿದೆವು. ಏನೇನು ಬೇಕು ಎಂದು ಅವನು ಬರೆದುಕೊಳ್ಳುತ್ತಿದ್ದಾಗ ಸೌಮ್ಯಶ್ರೀ ಒಂದು ಮಾತು ಹೇಳಿದಳು.

"ಯೋಗೀಶಣ್ಣ, ಯಾರಾದ್ರೂ ತೀರಿಕೊಂಡ್ರೆ ಕೂಡಲೇ ಹೆಸರು ತೆಗೆಯುದು ಬೇಡ. ಬೊಜ್ಜ ಆಗಲಿ."

ನಮ್ಮಲ್ಲಿ ಬೊಜ್ಜವೆಂದರೆ ಸತ್ತ ಹದಿಮೂರನೆಯದೋ ಹದಿನಾರನೆಯದೋ ದಿನದ ಕ್ರಿಯೆ. ಅದು ಮುಗಿಯುವವರೆಗೆ ಸತ್ತವರು ಮನೆ ಬಿಟ್ಟಿಲ್ಲ ಎಂದೇ ಲೆಕ್ಕ. ಸೌಮ್ಯಶ್ರೀ ತಾನು ನೋಡಿಕೊಂಡ ಪ್ರತಿಯೊಬ್ಬರ ಬೊಜ್ಜಕ್ಕೂ ಹೋಗುತ್ತಾಳೆ. ಹಳೆಯ ರಿಜಿಸ್ಟರಿನಲ್ಲಿಯೂ ಅಲ್ಲಿಯವರೆಗೆ ಹೆಸರಿನ ಮೇಲೆ ಗೆರೆ ಎಳೆಯುತ್ತಿರಲಿಲ್ಲ.

"ಮಾಡುವ," ಎಂದ ಯೋಗೀಶ್. "ಬೊಜ್ಜದ ತಾರೀಕಿಗೆ ಒಂದು ಜಾಗ ಇಡ್ತೇನೆ. ತಾರೀಕು ದಾಟಿದ ಮೇಲೆ ಹೆಸರು ತನ್ನಷ್ಟಕ್ಕೆ ಬೇರೆ ಪಟ್ಟಿಗೆ ಹೋಗ್ತದೆ."

"ಅಲ್ಲ ಮಾರಾಯ, ಕಂಪ್ಯೂಟರಿಗೂ ಸೂತಕ ಹಾಕಿದಿಯಲ್ಲ," ಎಂದರು ಪೈಗಳು. ಎಲ್ಲರೂ ನಕ್ಕೆವು. ಬದುಕಿದವರ ಮತ್ತು ಸತ್ತವರ ಹೆಸರನ್ನು ಒಂದೇ ಪಟ್ಟಿಯಲ್ಲಿಡುವುದು ತಪ್ಪು ಪದ್ಧತಿ ಎಂದು ನಾನಾದರೂ ಹೇಳಬೇಕಿತ್ತು. ಹೇಳಲಿಲ್ಲ.

ಉಡುಪಿಯಲ್ಲಿ ಒಂದು ಸಭಾಂಗಣ ಹಿಡಿದು, ದೀಪ ಹಚ್ಚಿ, ದೊಡ್ಡ ಪರದೆಯ ಮೇಲೆ ಪಟ್ಟಿ ತೋರಿಸಿ ಉದ್ಘಾಟನೆ ಮಾಡಿದೆವು. ನಾಲ್ಕು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಹೆಬ್ರಿ ಕಡೆ ಫೋನಿನಲ್ಲಿ ಇಂಟರ್ನೆಟ್ ಸಿಗುವುದಿಲ್ಲವಾದ್ದರಿಂದ ಸೌಮ್ಯಶ್ರೀ ಬೆಳಿಗ್ಗೆ ಕಾರ್ಕಳದಲ್ಲಿ ಪಟ್ಟಿಯನ್ನು ಪ್ರಿಂಟ್ ತೆಗೆದು, ಮಡಚಿ ರೈನ್‌ಕೋಟಿನ ಒಳಗಿಟ್ಟು ಹೊರಡುತ್ತಿದ್ದಳು. ಅವಳ ಪಟ್ಟಿಯಲ್ಲಿ ಎಂಟು ಅಥವಾ ಒಂಬತ್ತು ಹೆಸರುಗಳಿರುತ್ತಿದ್ದವು.

ಮಳೆ ಬಿಡದ ಆಟಿ ತಿಂಗಳಲ್ಲಿ ಒಂದೇ ವಾರದಲ್ಲಿ ಅವಳ ಮೂವರು ರೋಗಿಗಳು ತೀರಿಕೊಂಡರು. ಮೂವರದ್ದೂ ಬೊಜ್ಜ ಆಗಿರಲಿಲ್ಲ. ಅಷ್ಟರಲ್ಲಿ ಹೊಸಬರು ಸೇರಿದರು. ಅವರಲ್ಲಿ ಕೊನೆಯವರು ಹೆಬ್ರಿ ಹತ್ತಿರದ ವಾಸು, ತೆಂಗಿನಮರ ಹತ್ತುತ್ತಿದ್ದವರು, ಐವತ್ತೆಂಟು ವರ್ಷ. ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಉಡುಪಿಯ ಆಫೀಸು ಗುರುವಾರ ಸಂಜೆ ಅವರ ಹೆಸರು ಏರಿಸಿತು. ಶುಕ್ರವಾರ ಸೌಮ್ಯಶ್ರೀ ಹೋಗಿ ಮಾರ್ಫಿನ್ ಕೊಡಬೇಕಿತ್ತು. ಅದು ಅಂಗಡಿಯಲ್ಲಿ ಸಿಗುವ ಮಾತ್ರೆಯಲ್ಲ.

ಪಟ್ಟಿಯಲ್ಲಿ ಹಳಬರು ಮೇಲೆ, ಹೊಸಬರು ಕೆಳಗೆ. ವಾಸು ಹನ್ನೊಂದನೆಯವರು. ಪ್ಯಾನೆಲ್ ಒಂದು ಪುಟಕ್ಕೆ ಹತ್ತು ಹೆಸರು ಮಾತ್ರ ತೋರಿಸುತ್ತಿತ್ತು. ಪ್ರಿಂಟಿನಲ್ಲಿ ಬರುವುದು ಎದುರಿಗಿದ್ದ ಪುಟವೊಂದೇ. ಸೌಮ್ಯಶ್ರೀಯ ಕಾಗದದಲ್ಲಿ ಹತ್ತು ಹೆಸರುಗಳಿದ್ದವು, ಮೂರು ಸತ್ತವರದ್ದು. ಉಳಿದ ಏಳು ಮನೆಗಳಿಗೆ ಹೋಗಿ ಬಂದಳು. ಶನಿವಾರವೂ ಹಾಗೆಯೇ. ಭಾನುವಾರ ರಜೆ. ಸೋಮವಾರ ಮಧ್ಯಾಹ್ನ ವಾಸು ತೀರಿಕೊಂಡರು.

ವಾರದೊಳಗೆ ಸಮಿತಿ ಸೇರಿತು. ಪೈಗಳು ಸೌಮ್ಯಶ್ರೀಯನ್ನು ಕೇಳಿದರು, "ಎರಡನೇ ಪುಟ ಉಂಟು ಅಂತ ನಿನಗೆ ಗೊತ್ತಿರಲಿಲ್ವಾ?"

"ಇಲ್ಲ ಸರ್. ಯಾವತ್ತೂ ಒಂದೇ ಪುಟ ಇದ್ದದ್ದು."

"ಕೆಳಗೆ ಒಂದು, ಎರಡು ಅಂತ ಬರ್ತದಂತಲ್ಲ?"

"ಕಾಗದದಲ್ಲಿ ಅದು ಬರುದಿಲ್ಲ ಸರ್."

ಪೈಗಳು ಯೋಗೀಶನತ್ತ ತಿರುಗಿದರು. ಅವನು ಮೇಜನ್ನು ನೋಡುತ್ತ ಹೇಳಿದ, "ಅದು ಪ್ಯಾಕೇಜಿನ ರೂಢಿ ಸರ್. ಹತ್ತು ಅಂತಲೇ ಬರುದು. ನಾನು ಎಂತದೂ ಮುಟ್ಟಲಿಲ್ಲ. ಸ್ಕ್ರೀನಲ್ಲಿ ಪುಟದ ನಂಬರ್ ಕಾಣ್ತದೆ, ನೋಡಿದವರಿಗೆ ಗೊತ್ತಾಗ್ತದೆ."

ನೋಡಿದವರಿಗೆ. ಸೌಮ್ಯಶ್ರೀ ಅವನನ್ನೇ ನೋಡಿದಳು. ಅವನು ತಲೆ ಎತ್ತಲಿಲ್ಲ.

ಅಲ್ಲಿಗೆ ಹೊಣೆ ಅವಳ ಮೇಲೆ ಬಿತ್ತು. ಕೆಲಸದಿಂದ ತೆಗೆಯುವುದು, ನರ್ಸಿಂಗ್ ಕೌನ್ಸಿಲಿಗೆ ದೂರು ಬರೆಯುವುದು ಎಂದು ಪೈಗಳು ಸೂಚಿಸಿದರು. ದೂರು ಹೋದರೆ ನೋಂದಣಿ ಹೋಗಬಹುದು. ನೋಂದಣಿ ಹೋದರೆ ಅವಳಿಗೆ ಬೇರೆ ವಿದ್ಯೆ ಇಲ್ಲ. ವಾಸುವಿನ ಮನೆಯವರ ಹೇಳಿಕೆ ತೆಗೆದುಕೊಂಡು ಹತ್ತು ದಿನಗಳ ನಂತರ ಅಂತಿಮ ನಿರ್ಧಾರ ಎಂದಾಯಿತು. ಪತ್ರ ಬರೆಯುವ ಕೆಲಸ ನನ್ನದು.

ಹೇಳಿಕೆಗೆ ನಾನೇ ಹೋದೆ. ಮನೆಯವರು ಆಫೀಸಿಗೆ ಫೋನ್ ಮಾಡಿದ ಸಮಯಗಳನ್ನು ಪ್ಯಾನೆಲಿನ ದಾಖಲೆಯೊಂದಿಗೆ ತಾಳೆ ನೋಡಬೇಕೆಂದು ಯೋಗೀಶನನ್ನೂ ಕಾರಿನಲ್ಲಿ ಕೂರಿಸಿಕೊಂಡೆ. ಮನೆ ರಸ್ತೆಯಿಂದ ಸ್ವಲ್ಪ ಒಳಗಿತ್ತು. ವಾಸುವಿನ ಹೆಂಡತಿ ಅಮ್ಮಣ್ಣಿ ಚಾಪೆ ಹಾಕಿದಳು. ಯೋಗೀಶ್ ಒಳಗೆ ಬರಲಿಲ್ಲ, ಜಗಲಿಯ ತುದಿಯಲ್ಲಿ ಕುಳಿತ. ಅವಳು ತನ್ನ ಫೋನನ್ನು ಅವನ ಕೈಗೆ ಕೊಟ್ಟು ಕೇಳಿದಳು, "ನೀವು ಆಫೀಸಿನವರಾ?"

"ಅಲ್ಲ. ಕಂಪ್ಯೂಟರಿನವ."

"ಓ, ಹೆಸರು ಇರುದು ನಿಮ್ಮದರಲ್ಲಾ?"

ಅವನು ಫೋನಿನೊಳಗೆ ತಲೆ ಹಾಕಿದ.

ಅಮ್ಮಣ್ಣಿ ಅಳಲಿಲ್ಲ. ನಡೆದದ್ದನ್ನು ಕ್ರಮವಾಗಿ ಹೇಳಿದಳು. "ಶುಕ್ರವಾರ ಸಾಯಂಕಾಲ ಫೋನ್ ಮಾಡಿದೆ. ಹೆಸರು ಉಂಟು, ನರ್ಸ್ ಬರ್ತಾರೆ ಅಂದ್ರು. ಶನಿವಾರ ಎರಡು ಸಲ ಮಾಡಿದೆ. ನೋಡಿ ಹೇಳಿದ್ರು, ಹೆಸರು ಉಂಟು ಅಂತ. ಇವರು ಹೆಗಲಿನ ಬೈರಾಸನ್ನು ಕಚ್ಚಿ ಹಿಡಿದು ಮಲಗಿದ್ರು, ಆಚೆ ಮನೆಯವರಿಗೆ ಕೇಳಬಾರದು ಅಂತ. ಹೆಸರು ಉಂಟಂತೆ ಅಂತ ನಾನು ಇವರಿಗೆ ಹೇಳಿದೆ. ತಲೆ ಆಡಿಸಿದ್ರು. ಆದಿತ್ಯವಾರ ಮತ್ತೆ ಹೇಳಿದೆ. ಆಗ ಆಡಿಸಲಿಲ್ಲ."

ನಾನು ಬರೆದುಕೊಂಡು ಓದಿ ಹೇಳಿದೆ, ಅವಳು ಸಹಿ ಹಾಕಿದಳು.

"ಆ ನರ್ಸಮ್ಮನಿಗೆ ಎಂತ ಮಾಡ್ತೀರಿ?" ಎಂದು ಕೇಳಿದಳು.

"ಸಮಿತಿ ತೀರ್ಮಾನ ಮಾಡ್ತದೆ."

"ಅವರು ನಿನ್ನೆ ಬಂದಿದ್ರು. ಬೊಜ್ಜ ಯಾವಾಗ ಅಂತ ಕೇಳಿ ಹೋದ್ರು. ನಾನು ಕೂತುಕೊಳ್ಳಿ ಅನ್ನಲಿಲ್ಲ."

ವಾಪಸು ಬರುವಾಗ ಕಾರ್ಕಳ ಪೇಟೆ ಬಂದ ಮೇಲೆ ಯೋಗೀಶ್ ಹೇಳಿದ: "ಅಲ್ಲಿ ನೆಟ್‌ವರ್ಕ್ ತುಂಬ ವೀಕ್ ಉಂಟು ಮೇಡಂ." ಕಾರು ನಿಲ್ಲಿಸಿ ಅವನನ್ನು ಬಸ್ ನಿಲ್ದಾಣದಲ್ಲಿ ಇಳಿಸಿದೆ. ಮನೆಗೆ ಬಂದು ಪ್ಯಾನೆಲ್ ತೆರೆದು ನೋಡಿದೆ. ಮೊದಲಿನ ಮೂವರ ಬೊಜ್ಜ ಮುಗಿದು ಹೆಸರುಗಳು ಹೋಗಿದ್ದವು. ವಾಸು ಮೊದಲನೇ ಪುಟಕ್ಕೆ ಬಂದಿದ್ದರು.

ಮುಂದೆ ಆದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸೌಮ್ಯಶ್ರೀ ಕೆಲಸದಲ್ಲಿ ಉಳಿದಳು. ಕೌನ್ಸಿಲಿಗೆ ದೂರು ಹೋಗಲಿಲ್ಲ. ಯೋಗೀಶನ ಗುತ್ತಿಗೆ ರದ್ದಾಯಿತು. ಮಣಿಪಾಲ ದೊಡ್ಡ ಊರಲ್ಲ, ಸುದ್ದಿ ತಲುಪಿ ಅವನ ಇನ್ನೆರಡು ಗಿರಾಕಿಗಳು ಬಿಟ್ಟುಹೋದರು. ಅಮ್ಮಣ್ಣಿಗೆ ಇದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ಈಗ ಸತ್ತವರ ಪಟ್ಟಿ ಬೇರೆ ಇದೆ, ಮತ್ತು ಸೌಮ್ಯಶ್ರೀ ಹೆಸರುಗಳನ್ನು ಕೈಯಲ್ಲಿ ಬರೆದುಕೊಂಡು ಹೊರಡುತ್ತಾಳೆ.

ಆ ಅಂತಿಮ ಸಭೆಗೆ ಯೋಗೀಶ್ ಲ್ಯಾಪ್‌ಟಾಪ್ ತಂದಿದ್ದ. ಪಟ್ಟಿ ತೆರೆದದ್ದು ಯಾರು, ಎಷ್ಟು ಗಂಟೆಗೆ, ಎರಡನೇ ಪುಟಕ್ಕೆ ಹೋದದ್ದು ಇದೆಯೇ ಎಂಬ ದಾಖಲೆಯನ್ನು ತೋರಿಸಬೇಕೆಂದು ಪೈಗಳು ಹೇಳಿದ್ದರು. ಸೌಮ್ಯಶ್ರೀ ಕಿಟಕಿಯ ಹತ್ತಿರ ಬಾಗಿಲಿನ ಕಡೆ ಮುಖ ಮಾಡಿ ಕುಳಿತಿದ್ದಳು. ಹೊರಗೆ ಮಳೆಯ ಸದ್ದು ಜೋರಾಗಿತ್ತು. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಮೂಡಿದ್ದು ಪ್ಯಾನೆಲ್ ಅಲ್ಲ, ಕಪ್ಪು ಪರದೆ, ಅದರ ತುಂಬ ಇಂಗ್ಲಿಷಿನ ಸಣ್ಣ ಸಾಲುಗಳು.

"ಇದೆಂತ ಮಾರಾಯ, ಇರುವೆ ಸಾಲು?" ಎಂದರು ಪೈಗಳು. "ನಾನು ಹೇಳಿದ್ದು ಅವಳ ದಾಖಲೆ."

"ಇದು ನನ್ನದು ಸರ್," ಎಂದ ಯೋಗೀಶ್. "ಪ್ಯಾನೆಲಲ್ಲಿ ನಾನು ಯಾವಾಗ ಎಂತ ಬದಲಿಸಿದ್ದು ಅಂತ ಇದರಲ್ಲಿ ಇರ್ತದೆ."

ಅಂಥ ದಾಖಲೆಯೊಂದಿದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಅಳಿಸಲು ಎರಡು ಸಾಲು ಬರೆದರೆ ಸಾಕು ಎಂದು ಆಮೇಲೆ ಆಲ್ವಿನ್ ಹೇಳಿದ. ಯೋಗೀಶನಿಗೆ ಹತ್ತು ದಿನ ಸಿಕ್ಕಿತ್ತು.

"ಓದು," ಎಂದೆ.

ಅವನು ಗೋಡೆಯತ್ತ ತಿರುಗಿ, ಒಂದು ಸಾಲಿನ ಮೇಲೆ ಬೆರಳಿಟ್ಟು, ಕನ್ನಡದಲ್ಲಿ ಹೇಳಿದ. "ಪುಟಕ್ಕೆ ಐವತ್ತು ಇದ್ದದ್ದನ್ನು ಹತ್ತು ಮಾಡಿದ್ದೇನೆ. ನಾಳೆ ಉದ್ಘಾಟನೆ, ಪಟ್ಟಿ ಪರದೆಯಲ್ಲಿ ಹಿಡಿಯಬೇಕು. ನಂತರ ಮತ್ತೆ ಐವತ್ತು ಮಾಡಬೇಕು. ಯೋಗೀಶ್."

"ಮಾಡಿದೆಯಾ?"

"ಮರೆತೆ ಮೇಡಂ."

"ಹಾಗಾದ್ರೆ ಅವತ್ತು ಪ್ಯಾಕೇಜಿನ ರೂಢಿ ಅಂದದ್ದು?"

"ಸುಳ್ಳು."

ಅವನ ಸ್ವರ ನಡುಗುತ್ತಿತ್ತು. ಅಂಜಿಕೆಯಿಂದಲೇ; ಅದರಲ್ಲಿ ನನಗೆ ಸಂಶಯವಿಲ್ಲ. ಪೈಗಳು ಕನ್ನಡಕ ತೆಗೆದು, "ಸಾಕು, ಮುಚ್ಚು" ಎಂದರು. ಅವನು ಮುಚ್ಚಲಿಲ್ಲ. ಕಿಟಕಿಯ ಬಳಿ ಸೌಮ್ಯಶ್ರೀ ಇನ್ನೂ ಬಾಗಿಲನ್ನೇ ನೋಡುತ್ತಿದ್ದಳು; ಮಳೆಯ ಸದ್ದಿಗೆ ಅವಳಿಗೆ ಏನೂ ಕೇಳಿಸಿದಂತಿರಲಿಲ್ಲ. ಯೋಗೀಶ್ ಲ್ಯಾಪ್‌ಟಾಪನ್ನು ಎತ್ತಿಕೊಂಡು ಅವಳ ಕುರ್ಚಿಯವರೆಗೆ ನಡೆದು, ಎದುರಿಗೆ ನಿಂತು, ಅದೇ ಸಾಲನ್ನು ಮೊದಲಿನಿಂದ, ಈ ಸಲ ಗಟ್ಟಿಯಾಗಿ, ತನ್ನ ಹೆಸರಿನವರೆಗೂ ಓದಿದ.