ತಕ್ಕಡಿ ಭಾವನ ಸರಿತೂಕ

ನಮ್ಮ ಭಾವ ಒಬ್ಬನೇ ಮನುಷ್ಯನ ಕೈಯಲ್ಲಿ ಒಂಬತ್ತು ವರ್ಷ, ಒಂಬತ್ತು ಸಲ ಸೋತರು. ಬೇರೆ ಯಾರಾದರೂ ಆಗಿದ್ದರೆ ಮೂರನೆಯ ವರ್ಷಕ್ಕೇ ದೊಡ್ಡ ನಮಸ್ಕಾರ ಹಾಕಿ ಮನೆಯಲ್ಲಿ ಕೂರುತ್ತಿದ್ದರು. ಭಾವ ಮಾತ್ರ ಸೋತು ಬಂದ ದಿನವೂ ಗೆದ್ದವನಿಗಿಂತ ಹೆಚ್ಚು ಗತ್ತಿನಲ್ಲಿ ಮೆಟ್ಟಿಲು ಹತ್ತುತ್ತಿದ್ದರು. ಆ ಗತ್ತಿನ ಗುಟ್ಟು ನನಗೊಬ್ಬನಿಗೆ ಗೊತ್ತಿತ್ತು. ಗೊತ್ತಿದ್ದೂ ನಕ್ಕು ಸುಮ್ಮನಾದೆ. ಅದಕ್ಕಾಗಿ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಸುಬು ತಕ್ಕಡಿ ರಿಪೇರಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎಂಟಡಿ ಅಗಲದ ಅಂಗಡಿ. ಗೋಡೆಯ ತುಂಬ ನೇತುಬಿದ್ದ ತಕ್ಕಡಿ, ಬೆಂಚಿನ ಮೇಲೆ ಅರ, ಸಣ್ಣ ಸುತ್ತಿಗೆ, ಸೀಸ ಕರಗಿಸುವ ಸೌಟು. ಕಬ್ಬಿಣದ ತೂಕದ ಕಲ್ಲಿನ ತಳದಲ್ಲಿ ಒಂದು ಕುಳಿ ಇರುತ್ತದೆ. ಕಲ್ಲು ಸವೆದು ಹಗುರಾದರೆ ಆ ಕುಳಿಗೆ ಸೀಸ ತುಂಬಿ ಸರಿತೂಕಕ್ಕೆ ತರಬೇಕು, ಅದರ ಮೇಲೆ ಸರ್ಕಾರದ ಮುದ್ರೆ ಬೀಳಬೇಕು. ಭಾವ ನಲವತ್ತು ವರ್ಷ ಮಾಡಿದ್ದು ಅದನ್ನೇ. ಕೆಲವು ವ್ಯಾಪಾರಿಗಳು ಮೆಲ್ಲಗೆ ಒಳಗೆ ಬಂದು, "ಒಂದು ಚೂರು ಸೀಸ ಕೆರೆದುಬಿಡಿ, ಯಾರಿಗೆ ಗೊತ್ತಾಗತ್ತೆ?" ಎನ್ನುತ್ತಿದ್ದರು. ಅಂಥವರ ಕಲ್ಲನ್ನು ಭಾವ ಮಾತಿಲ್ಲದೆ ಬೀದಿಗೆ ಉರುಳಿಸುತ್ತಿದ್ದರು. ಒಮ್ಮೆ ಅದು ವ್ಯಾಪಾರಿಯ ಕಾಲ್ಬೆರಳ ಮೇಲೇ ಉರುಳಿ ದೊಡ್ಡ ರಂಪವಾಗಿತ್ತು. ಕಳ್ಳತೂಕ ಎನ್ನುವ ಮಾತು ಅವರ ಬಾಯಲ್ಲಿ ಎಂಥ ಬೈಗುಳಕ್ಕಿಂತಲೂ ಕೆಟ್ಟದಾಗಿ ಕೇಳಿಸುತ್ತಿತ್ತು. ಮನೆಯಲ್ಲಿ ನಾವು ಅವರ ಬೆನ್ನ ಹಿಂದೆ ತಕ್ಕಡಿ ಭಾವ ಎನ್ನುತ್ತಿದ್ದೆವು. ಎದುರಿಗೆ ಅನ್ನುವ ಧೈರ್ಯ ಯಾರಿಗಿತ್ತು?

ಆಮೇಲೆ ಗುಂಡಿ ಒತ್ತಿದರೆ ಅಂಕಿ ಹೊಳೆಯುವ ತೂಕದ ಯಂತ್ರಗಳು ಬಂದವು. ಭಾವನ ಅರವತ್ತಮೂರನೇ ವಯಸ್ಸಿಗೆ ಅಂಗಡಿಯ ಬಾಗಿಲು ಮುಚ್ಚಿತು. ಅದೇ ವರ್ಷ ಸಕ್ಕರೆ ಕಾಯಿಲೆಯೂ ಕಾಣಿಸಿಕೊಂಡಿತು. ಬೆವರು ಸುರಿಸಿ, ಇಲ್ಲದಿದ್ದರೆ ಸೂಜಿ ಚುಚ್ಚಿಸಿಕೊಳ್ಳಿ ಎಂದರು ಡಾಕ್ಟರು. ಹಾಗೆ ಭಾವ ಈಜುಕೊಳದ ಕಟ್ಟಡದ ನೆಲಮಾಳಿಗೆಗೆ ಇಳಿದರು.

ಅಲ್ಲಿ ಸಾಲಾಗಿ ಆರು ರೋಯಿಂಗ್ ಯಂತ್ರಗಳಿವೆ. ನೀರಿಲ್ಲ, ದೋಣಿಯೂ ಇಲ್ಲ. ಹಿಂದೆ ಮುಂದೆ ಜಾರುವ ಪೀಠದ ಮೇಲೆ ಕೂತು, ಪಾದಗಳನ್ನು ಪಟ್ಟಿಯಿಂದ ಬಿಗಿದು, ಸರಪಳಿಗೆ ಕಟ್ಟಿದ ಹಿಡಿಕೆಯನ್ನು ಎದೆಯವರೆಗೆ ಎಳೆಯಬೇಕು. ಎಳೆದಂತೆ ಮುಂದಿನ ಡಬ್ಬಿಯೊಳಗೆ ಒಂದು ಚಕ್ರ ಗಾಳಿಯನ್ನು ಕಡೆಯುತ್ತ ತಿರುಗುತ್ತದೆ. ಎಷ್ಟು ಮೀಟರ್ ದೋಣಿ ನಡೆಸಿದ ಹಾಗಾಯಿತು ಎಂದು ಎದುರಿನ ಮೀಟರು ತೋರಿಸುತ್ತದೆ. ಇದ್ದಲ್ಲೇ ಇದ್ದು ಎರಡು ಸಾವಿರ ಮೀಟರ್ ಹೋಗುವ ಈ ಪ್ರಯಾಣ ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ. "ಹುಟ್ಟು ಹಾಕ್ತೀನಿ ಅಂತ ಹೋಗಿ ಸಾವು ತಂದ್ಕೋಬೇಡಿ ರೀ" ಎಂದಳು.

ಆ ಯಂತ್ರದ ಡಬ್ಬಿಯ ಪಕ್ಕದಲ್ಲಿ ಒಂದು ಸಣ್ಣ ಹಿಡಿ ಇದೆ, ಒಂದರಿಂದ ಹತ್ತರವರೆಗೆ ಅಂಕಿ. ಮೇಲಕ್ಕೆ ತಳ್ಳಿದಷ್ಟೂ ಒಳಗೆ ಗಾಳಿ ಹೆಚ್ಚು ನುಗ್ಗಿ ಎಳೆತ ಭಾರವಾಗುತ್ತದೆ. ಈ ಬೆರಳುದ್ದದ ಹಿಡಿಯೇ ನಮ್ಮ ಭಾವನ ಬಾಳನ್ನು ಹಾಳು ಮಾಡಿದ್ದು.

ಅಲ್ಲಿ ಕಲಿಸುವ ಕೋಚ್ ಹುಡುಗಿ ಮೊದಲ ದಿನವೇ ಹೇಳಿದ್ದಳು. "ಸರ್, ನಾಲ್ಕಕ್ಕೋ ಐದಕ್ಕೋ ಇಟ್ಕೊಳ್ಳಿ. ಅಂಕಿ ಕಮ್ಮಿ ಇದ್ರೆ ಬೇಗ ಬೇಗ ಎಳೀಬೇಕು, ಅಷ್ಟೇ. ನೀವೆಷ್ಟು ಶಕ್ತಿ ಹಾಕಿದ್ರಿ ಅನ್ನೋದನ್ನ ಮೀಟರ್ ತಾನೇ ಅಳೆದು ಲೆಕ್ಕ ಹಾಕತ್ತೆ. ಯಾರಿಗೂ ಲಾಭ ಇಲ್ಲ, ಯಾರಿಗೂ ನಷ್ಟ ಇಲ್ಲ."

"ತನ್ನನ್ನ ತಾನೇ ತೂಗ್ಕೊಳ್ಳೋ ತಕ್ಕಡಿ ಎಲ್ಲಿದೆಯಮ್ಮಾ?" ಎಂದು ಕೇಳಿದ ಭಾವ ಹಿಡಿಯನ್ನು ಹತ್ತಕ್ಕೆ ತಳ್ಳಿ ಕೂತರು.

ಪಕ್ಕದ ಯಂತ್ರದಲ್ಲಿ ಕೂತಿದ್ದವರು ಡ್ರೈವರಣ್ಣ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು, ಭಾವನಿಗಿಂತ ಒಂದು ವರ್ಷ ದೊಡ್ಡವರು. ಹೊಟ್ಟೆ ಸ್ವಲ್ಪ ಮುಂದು, ನಗು ಅದಕ್ಕಿಂತ ಮುಂದು. ಅವರ ಹಿಡಿ ನಾಲ್ಕರಲ್ಲಿತ್ತು. "ತಕ್ಕಡಿಯವರೇ, ಇದು ಗೇರು ಕಣ್ರೀ. ಟಾಪ್ ಗೇರಲ್ಲಿ ಬಸ್ಸು ಏರು ಹತ್ತತ್ತಾ? ಇಂಜಿನ್ನು ಕೂತ್ಕೊಳತ್ತೆ" ಎಂದರು. ಭಾವ ನಕ್ಕರು. ಇಬ್ಬರೂ ಅವತ್ತೇ ಸ್ನೇಹಿತರಾದರು. ಡ್ರೈವರಣ್ಣ ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದರು, ಭಾವನಿಗೆಂದೇ ಸಕ್ಕರೆ ಹಾಕದ ಚಹಾ. ಅಭ್ಯಾಸ ಮುಗಿದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಕುಡಿಯುತ್ತಿದ್ದರು. ನಾನು ಅಚ್ಚುಮನೆಯಲ್ಲಿ ಪ್ರೂಫ್ ತಿದ್ದುವ ಕೆಲಸದಲ್ಲಿದ್ದೆ. ವ್ಯಾಯಾಮ ಎಂದರೆ ನನಗೆ ಪೇಪರಿನ ಹಾಳೆ ಮಗುಚುವುದು. ಆದರೂ ಭಾವನ ಸಮಯ ಬರೆದುಕೊಳ್ಳಲು ಜೊತೆಗೆ ಹೋಗುತ್ತಿದ್ದೆ, ಮೂರನೇ ಲೋಟ ನನಗೆ ಸಿಗುತ್ತಿತ್ತು.

ವರ್ಷಕ್ಕೊಮ್ಮೆ ಅಲ್ಲಿ ಸ್ಪರ್ಧೆ. ಅರವತ್ತು ದಾಟಿದವರಿಗೆ ಎರಡು ಸಾವಿರ ಮೀಟರ್. ಡ್ರೈವರಣ್ಣ ಒಂಬತ್ತು ನಿಮಿಷದೊಳಗೆ ಮುಗಿಸುತ್ತಿದ್ದರು, ಭಾವ ಒಂಬತ್ತು ನಿಮಿಷದ ಮೇಲೆ ಹತ್ತು ಸೆಕೆಂಡೋ ಹದಿನೈದು ಸೆಕೆಂಡೋ. ಮೊದಲ ಸಾವಿರ ಮೀಟರು ಭಾವ ಎತ್ತಿನ ಹಾಗೆ ಎಳೆಯುತ್ತಿದ್ದರು. ಆಮೇಲೆ ಭುಜ ಕಟ್ಟಿಕೊಂಡು, ಸೊಂಟ ಹಿಡಿದು, ಕೊನೆಯ ಐನೂರು ಮೀಟರಿನಲ್ಲಿ ಅವರ ಮುಖ ನೋಡಲು ಆಗುತ್ತಿರಲಿಲ್ಲ. ಡ್ರೈವರಣ್ಣ ಒಂದೇ ಹದದಲ್ಲಿ ಎಳೆಯುತ್ತ ದಾಟಿಹೋಗುತ್ತಿದ್ದರು.

ನಾಲ್ಕನೇ ವರ್ಷ ಸೋತು ಮನೆಗೆ ಬರುವ ದಾರಿಯಲ್ಲಿ ಭಾವ ಗುಟ್ಟು ಬಿಟ್ಟುಕೊಟ್ಟರು.

"ಒಳ್ಳೆ ಮನುಷ್ಯ ಕಣೋ ಡ್ರೈವರು. ಆದ್ರೆ ಕಲ್ಲು ಟೊಳ್ಳು."

"ಅಂದ್ರೆ?"

"ಹತ್ತರವರೆಗೆ ಇರೋ ಹಿಡೀನ ನಾಲ್ಕಕ್ಕೆ ಇಟ್ಟು ಎಳೀತಾರಲ್ಲ, ಅದು ಸೀಸ ಕೆರೆದ ಕಲ್ಲು ತಾನೇ? ನಾನು ಸರಿತೂಕದಲ್ಲಿ ಎಳೀತೀನಿ. ಸರಿತೂಕದಲ್ಲೇ ಒಂದು ಸಲ, ಒಂದೇ ಒಂದು ಸಲ ಅವ್ರನ್ನ ಹಿಂದೆ ಹಾಕ್ಬೇಕು. ಆಮೇಲೆ ಸತ್ರೂ ಚಿಂತೆ ಇಲ್ಲ."

ನಾನು ಬಿದ್ದು ಬಿದ್ದು ನಕ್ಕೆ. ಇನ್ನೊಬ್ಬರ ಬರಹದಲ್ಲಿ ಒಂದು ಕೊಂಬು ತಪ್ಪಿದ್ದರೂ ಕೆಂಪು ಶಾಯಿ ಹಚ್ಚುವವನು ನಾನು. ಈ ತಪ್ಪನ್ನು ಮಾತ್ರ ತಮಾಷೆ ಎಂದು ಹಾಗೇ ಬಿಟ್ಟೆ. ಬಿಡಿಸಿ ಹೇಳಿದ್ದರೂ ಕೇಳುತ್ತಿರಲಿಲ್ಲವೇನೋ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವರದು. ಆದರೆ ನಾನು ಹೇಳಲೇ ಇಲ್ಲ, ಅದು ನಿಜ.

ಹಾಗೆ ಇನ್ನೂ ಐದು ಸೋಲು. ಪ್ರತಿ ಸಲ ಡ್ರೈವರಣ್ಣ ಪದಕ ಕೊರಳಿಗೆ ಹಾಕಿಕೊಂಡೇ ಚಹಾ ಬಗ್ಗಿಸುತ್ತಿದ್ದರು. ಪ್ರತಿ ಸಲ ಭಾವ, ಇವರ ಗುಟ್ಟು ನನ್ನ ಹೊಟ್ಟೆಯಲ್ಲಿರಲಿ ಎನ್ನುವ ದೊಡ್ಡತನದ ಮುಖ ಹೊತ್ತು ಕುಡಿಯುತ್ತಿದ್ದರು. ಎಪ್ಪತ್ತೆರಡು ತುಂಬುವ ಹೊತ್ತಿಗೆ ಅವರ ಸೊಂಟ ಪೂರ್ತಿ ಕೆಟ್ಟಿತ್ತು. ಬೆಳಿಗ್ಗೆ ಮಂಚದಿಂದ ಏಳಲು ಅಕ್ಕ ಕೈ ಹಿಡಿಯಬೇಕಿತ್ತು. ಕಾಲುಚೀಲವನ್ನೂ ಅವಳೇ ಹಾಕಬೇಕಿತ್ತು. ಡಾಕ್ಟರು ಎಕ್ಸ್‌ರೇ ತೋರಿಸಿ, ಹೀಗೇ ಎಳೆದರೆ ಇನ್ನೊಂದು ವರ್ಷಕ್ಕೆ ನಡೆಯಲಾರಿರಿ ಎಂದರು.

ಅಕ್ಕ ಅವತ್ತು ಅತ್ತಳು. ಮದುವೆಯಾಗಿ ನಲವತ್ತಾರು ವರ್ಷದಲ್ಲಿ ಅವಳು ಗಂಡನಿಗೆ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ. "ನನ್ನ ತಲೆ ಮೇಲೆ ಕೈ ಇಟ್ಟು ಹೇಳಿ. ಈ ಸಲ ನಾಲ್ಕರಲ್ಲಿ ಎಳೀತೀರೋ, ಮನೇಲೇ ಇರ್ತೀರೋ?" ಎಂದು ಪಟ್ಟು ಹಿಡಿದಳು.  ಕೊನೆಗೆ ಭಾವ ಅವಳ ತಲೆಯ ಮೇಲೆ ಕೈ ಇಟ್ಟರು. "ಆಯ್ತು, ನಾಲ್ಕು. ಆದ್ರೆ ಅದನ್ನ ನಾನು ಸ್ಪರ್ಧೆ ಅನ್ನಲ್ಲ, ಕಸರತ್ತು ಅಂತೀನಿ."

ಸ್ಪರ್ಧೆಯ ದಿನ ಅಕ್ಕ ಮುಂದಿನ ಕುರ್ಚಿಯಲ್ಲೇ ಕೂತಳು. ಭಾವ ಹಿಡಿಯನ್ನು ನಾಲ್ಕಕ್ಕೆ ಇಳಿಸಿ, ಯಾರಾದರೂ ನೋಡಿದರೋ ಎಂದು ಆಚೀಚೆ ಕಣ್ಣು ಹಾಯಿಸಿದರು. ನನಗೆ ಪಾಪ ಅನಿಸಿತು. ಸೀಟಿ ಊದಿದರು. ಮೊದಲ ಐನೂರು ಮೀಟರು ನಿಜಕ್ಕೂ ಕಸರತ್ತಿನ ಹಾಗೇ ಎಳೆದರು. ಆಮೇಲೆ ಏನಾಯಿತೋ, ಒಂಬತ್ತು ವರ್ಷ ಹತ್ತರಲ್ಲಿ ಬಲಿತ ಕಾಲುಗಳು ಭಾರವಿಲ್ಲದೆ ತಾವೇ ಓಡತೊಡಗಿದವು. ಸಾವಿರ ಮೀಟರಿಗೆ ಇಬ್ಬರೂ ಸಮ. ಸಾವಿರದೈನೂರಕ್ಕೆ ಭಾವ ಮುಂದು. ಅವರ ಮುಖದಲ್ಲಿ ಆ ಎರಡು ನಿಮಿಷ ಕಂಡ ಸಂತೋಷವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಎಂಟು ನಿಮಿಷ ನಲವತ್ತೊಂಬತ್ತು ಸೆಕೆಂಡು. ಡ್ರೈವರಣ್ಣನದು ಎಂಟು ಐವತ್ತೆರಡು.

ಜನ ಎದ್ದು ಚಪ್ಪಾಳೆ ಹೊಡೆದರು. ಡ್ರೈವರಣ್ಣ ಏದುಸಿರು ಬಿಡುತ್ತಲೇ ಪೀಠದಿಂದ ಎದ್ದು ಬಂದು ಭಾವನನ್ನು ಬಾಚಿ ತಬ್ಬಿಕೊಂಡರು. "ಅಂತೂ ಗೆದ್ರಲ್ಲ ತಕ್ಕಡಿಯವರೇ! ಗೇರು ಇಳ್ಸಿ ಅಂತ ಎಷ್ಟು ವರ್ಷದಿಂದ ಬಡ್ಕೊಂಡೆ!" ಅವರ ಕಣ್ಣಲ್ಲಿ ನೀರಿತ್ತು. ಸೋತವರು ಅವರೇ, ಆದರೆ ಹಬ್ಬ ಅವರಿಗೇ.

ಕೋಚ್ ಹುಡುಗಿ ಪದಕ ಹಾಕಲು ಬಂದಳು. ಭಾವ ತಲೆ ಬಗ್ಗಿಸಲಿಲ್ಲ. ಸೊಂಟದ ಮೇಲೆ ಕೈ ಇಟ್ಟುಕೊಂಡು ತೀರ್ಪುಗಾರರ ಮೇಜಿನವರೆಗೆ ನಡೆದರು.

"ಈ ಪದಕ ನನಗೆ ಬೇಡ. ನನ್ನ ಹೆಸರು ಹೊಡೆದುಹಾಕಿ."

"ಯಾಕೆ ಸರ್?"

"ನಾಲ್ಕರಲ್ಲಿ ಎಳೆದೆ. ಇದು ಕಳ್ಳತೂಕ."

ತೀರ್ಪುಗಾರರು ನಕ್ಕರು. "ನಾಲ್ಕು, ಐದರಲ್ಲೇ ಎಲ್ರೂ ಎಳೆಯೋದು ಸರ್."

"ಎಲ್ರೂ ಮಾಡಿದ್ರೆ ಕಳ್ಳತೂಕ ಸರಿತೂಕ ಆಗತ್ತೇನ್ರೀ?" ಭಾವನ ದನಿ ಏರಿತ್ತು. ಇಡೀ ನೆಲಮಾಳಿಗೆಗೆ ಕೇಳಿಸಿತು.

ಹಿಂದೆ ಡ್ರೈವರಣ್ಣ ಕೈಯಲ್ಲಿ ಫ್ಲಾಸ್ಕು ಹಿಡಿದು ನಿಂತಿದ್ದರು. ಅವರು ಮೆಲ್ಲಗೆ ಕೇಳಿದರು, "ಹಾಗಾದ್ರೆ ನಾನು ಗೆದ್ದಿದ್ದು?"

ನಾನು ಮುಂದೆ ಹೋಗಿ ಭಾವನ ತೋಳು ಹಿಡಿದೆ. ತಡವಾಗಿತ್ತು.

"ನಿಮ್ಮದು ನಿಮಗೆ ಬಿಟ್ಟಿದ್ದು" ಎಂದರು ಭಾವ. "ಒಂಬತ್ತು ವರ್ಷದಲ್ಲಿ ನಾನು ಯಾವತ್ತಾದ್ರೂ ಬಾಯಿ ಬಿಟ್ಟಿದೀನಾ?"

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಡ್ರೈವರಣ್ಣನ ಮುಖದಿಂದ ರಕ್ತ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ.  ಅವರು ಚೀಲ ಎತ್ತಿಕೊಂಡರು, ಬೂಟು ಬದಲಿಸುವುದನ್ನೂ ಮರೆತು ಮೆಟ್ಟಿಲು ಹತ್ತಿಹೋದರು. ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ಭಾವನಿಗೆ ಮಾತ್ರ ತಾವು ಮಾಡಿದ್ದೇನು ಎಂದು ತಿಳಿಯಲೇ ಇಲ್ಲ. "ಯಾಕೆ ಹೋದ್ರು? ಚಹಾ ಕುಡಿದಿಲ್ಲವಲ್ಲ?" ಎಂದು ನನ್ನನ್ನೇ ಕೇಳಿದರು.

ಅವತ್ತಿನಿಂದ ಡ್ರೈವರಣ್ಣ ನೆಲಮಾಳಿಗೆಗೆ ಬರಲಿಲ್ಲ. ಭಾವ ದಿನಾ ಬೆಳಿಗ್ಗೆ ಹೋಗುತ್ತಾರೆ. ಯಂತ್ರದ ಮೇಲೆ ಕೂತು ನಾಲ್ಕು ಸಲ ಎಳೆದು, ಪಕ್ಕದ ಪೀಠ ನೋಡಿ, ನಿಲ್ಲಿಸುತ್ತಾರೆ. ಒಬ್ಬನೇ ಎಳೆದು ಯಾರನ್ನು ಹಿಂದೆ ಹಾಕುವುದು? ಸರಿತೂಕದಲ್ಲಿ ಒಂದು ಸಲ ಎನ್ನುವ ಆಸೆ ಇದ್ದ ಜಾಗದಲ್ಲಿ ಈಗ ಏನೂ ಇಲ್ಲ. ಒಂದು ತಿಂಗಳಲ್ಲಿ ಭಾವ ಹತ್ತು ವರ್ಷ ಹೆಚ್ಚು ಮುದುಕರಾದರು.

ನೋಡಲಾರದೆ ನಾನೇ ಡ್ರೈವರಣ್ಣನ ಮನೆಗೆ ಹೋದೆ. ಅವರು ಹಿತ್ತಲ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಹಳೆಯ ಕುಕ್ಕರಿನ ಹಿಡಿಗೆ ತಿರುಪು ಹಾಕುತ್ತಿದ್ದರು. ಬನ್ನಿ ಎಂದರು, ಕೂರಿಸಿದರು. ನಗು ಮಾತ್ರ ಇರಲಿಲ್ಲ. ಭಾವನ ಪರವಾಗಿ ನಾನು ಕ್ಷಮೆ ಕೇಳಿದೆ, ಯಂತ್ರದ ವಿಷಯ ಅವರಿಗೆ ತಿಳಿಯದು ಎಂದೆ.

"ಯಂತ್ರದ ವಿಷಯ ಬಿಡಿ. ಸೋಲು ಗೆಲುವೂ ಬಿಡಿ" ಎಂದರು. "ಮೂವತ್ತೊಂದು ವರ್ಷ ಸ್ಟಿಯರಿಂಗ್ ಹಿಡಿದವನು ನಾನು. ಬೈಸ್ಕೊಂಡಿದೀನಿ, ಆದ್ರೆ ಕಳ್ಳ ಅಂತ ಯಾರೂ ಅಂದಿರ್ಲಿಲ್ಲ. ನಿಮ್ಮ ಭಾವ ಬಾಯಲ್ಲಿ ಅಂದಿದ್ದಕ್ಕೆ ನನಗೆ ಬೇಜಾರಿಲ್ಲ. ಒಂಬತ್ತು ವರ್ಷ ದಿನಾ ನನ್ನ ಪಕ್ಕದಲ್ಲಿ ಕೂತು, ನಾನು ಬಗ್ಗಿಸಿದ ಚಹಾ ಕುಡಿದ್ರಲ್ಲ. ಕಳ್ಳ ಅಂತ ತಿಳ್ಕೊಂಡೇ ಕುಡಿದ್ರಲ್ಲ. ಅದನ್ನ ಹೇಗೆ ಮರೀಲಿ ಹೇಳಿ?"

 ನಾನೂ ಅದೇ ಚಹಾ ಕುಡಿದವನು, ಗೊತ್ತಿದ್ದೂ ಕುಡಿದವನು.

ಮನೆಗೆ ಬಂದು ಭಾವನಿಗೆ ಒಂದಕ್ಷರ ಬಿಡದೆ ಹೇಳಿದೆ. ಈಗಲಾದರೂ ಅರ್ಥವಾಗಲಿ ಎಂದು ಸಿಟ್ಟಿನಲ್ಲೇ ಹೇಳಿದೆ. ಭಾವ ಮಂಚದ ಮೇಲೆ ಸೊಂಟಕ್ಕೆ ದಿಂಬು ಕೊಟ್ಟುಕೊಂಡು ಕೂತು ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖ ಬೆಳಗಿತು. 

"ಇಷ್ಟೇನಾ? ಅಯ್ಯೋ ಹುಚ್ಚಪ್ಪ!" ಎಂದರು. "ಕಳ್ಳ ಅಂತ ಗೊತ್ತಿದ್ದೂ ಕುಡಿದೆ ಅಂದ್ರೆ, ಅವ್ರನ್ನ ನಾನು ಯಾವತ್ತೋ ಕ್ಷಮಿಸಿದೀನಿ ಅಂತ ತಾನೇ ಅರ್ಥ? ಅಷ್ಟೂ ಗೊತ್ತಾಗ್ಲಿಲ್ವಾ ಆ ಮನುಷ್ಯನಿಗೆ? ಹೋಗಿ ಹೇಳು ಕಣೋ. ಕ್ಷಮಿಸಿದಾರೆ ಅಂತ ಹೇಳು. ಓಡಿ ಬರ್ತಾರೆ."

"ಹೇಳಿದ್ಯಾ?" ಎಂದು ಈಗಲೂ ದಿನಾ ಕೇಳುತ್ತಾರೆ. ನಾಳೆ ಹೇಳ್ತೀನಿ ಭಾವ, ಎನ್ನುತ್ತೇನೆ.