ಸರುಬಾಯಿಯ ಪಾಳಿ

ಪ್ರಾಜಕ್ತಾ ಶೇಟೆ ಮಾಡುವ ಕೆಲಸ ಏನೆಂಬುದು ಅವಳ ಮನೆಯವರಿಗೆ ಇನ್ನೂ ತಿಳಿದಿಲ್ಲ. ಸಾಂಗಲಿ ಪೇಟೆಯಲ್ಲಿ ಮೂರು ತಲೆಮಾರು ಅರಿಷಿಣ ಮಾರಿದ ಮನೆತನ ಅದು. ಮಾರುವ ಮಾಲು ಕಣ್ಣಿಗೆ ಕಾಣಬೇಕು, ಕೈಗೆ ಹತ್ತಬೇಕು. ಇವಳು ಸಂಬಳ ಎಣಿಸುವುದು ಏನೂ ಆಗದೆ ಇದ್ದುದಕ್ಕೆ.

ವಿಶ್ರಾಮಬಾಗದಲ್ಲಿ, ಔಷಧ ಅಂಗಡಿಯ ಮೇಲಿನ ಮಹಡಿಯಲ್ಲಿ ಮೂರು ಜನ ಕೂತು ಮಿರಜದ ಒಂದು ದವಾಖಾನೆಯ ಸಾಫ್ಟ್‌ವೇರ್ ನಿಲ್ಲದಂತೆ ಕಾಯುತ್ತಾರೆ. ರೋಗಿಯ ಹೆಸರು ಬರೆದುಕೊಳ್ಳುವುದು, ಪಾಳಿ ಬಂದಾಗ ಗೋಡೆಯ ಮೇಲಿನ ಸ್ಪೀಕರಿನಲ್ಲಿ ಕೂಗುವುದು, ಬೆಳಿಗ್ಗೆ ಫೋನ್ ಮಾಡಿ ಬರಹೇಳುವುದು ಎಲ್ಲ ಅದರದೇ ಕೆಲಸ. ನಡೆದರೆ ಇವರನ್ನು ಯಾರೂ ನೆನೆಯುವುದಿಲ್ಲ. ನಿಂತರೆ ಅವ್ವ-ಅಪ್ಪನ ಸಮೇತ ನೆನೆಯುತ್ತಾರೆ. ತಿಂಗಳಿಗೊಮ್ಮೆ ಒಂದು ಟಿಪ್ಪಣಿ ಬರೆಯುತ್ತಾರೆ: ಏನು ಕೆಟ್ಟಿತು, ಹೇಗೆ ಸರಿಹೋಯಿತು, ಕೊನೆಗೆ ಆ ತಿಂಗಳು ಕಣ್ಣಿಗೆ ಬಿದ್ದ ಒಂದು ಸೋಜಿಗ.

ಯಂತ್ರ ಬದುಕಿದೆಯೋ ಇಲ್ಲವೋ ನೋಡಲು ಅವರಲ್ಲೊಂದು ಉಪಾಯ ಇತ್ತು. ಹತ್ತು ನಿಮಿಷಕ್ಕೊಮ್ಮೆ ಒಬ್ಬ ಸುಳ್ಳು ರೋಗಿಯ ಹೆಸರು ತಾನಾಗಿ ದಾಖಲಾಗುತ್ತದೆ. ಎಲ್ಲ ಸರಿ ಇದೆ ಎಂದು ಗೊತ್ತಾದೊಡನೆ ಅಳಿಸಿಹೋಗುತ್ತದೆ. ಆ ರೋಗಿಗೆ ಪ್ರಾಜಕ್ತಾ ಸರುಬಾಯಿ ಎಂದು ಹೆಸರಿಟ್ಟಿದ್ದಳು. ನಾಲ್ಕು ವರ್ಷದ ಹಿಂದೆ ಅದೇ ದವಾಖಾನೆಯಲ್ಲಿ ತೀರಿದ, ತಾನು ಆಯಿ ಎಂದು ಕರೆಯುತ್ತಿದ್ದ ಅಜ್ಜಿಯ ಹೆಸರು. ಪಾಳಿ ಬಿಟ್ಟು ನುಗ್ಗಿದವರನ್ನು ಕೊಡೆಯಿಂದ ತಿವಿಯುತ್ತಿದ್ದ ಹೆಂಗಸು.

ಕಳೆದ ತಿಂಗಳು ಅಳಿಸುವ ನಿಯಮ ಕೆಟ್ಟಿತು. ಮೊದಲು ಅದು ಸುಳ್ಳು ರೋಗಿಯ ನಂಬರು ನೋಡಿ ಅಳಿಸುತ್ತಿತ್ತು. ಪ್ರಾಜಕ್ತಾ ಅವಸರದಲ್ಲಿ ಹೆಸರು ನೋಡಿ ಅಳಿಸುವಂತೆ ಬರೆದು ಊಟಕ್ಕೆ ಹೋದಳು.

ಟಿಪ್ಪಣಿಗೆ ಸೋಜಿಗ ಹುಡುಕುತ್ತಿದ್ದ ಜೊತೆಗಾರ ಸಂಮೇದ ಒಂದು ದಿನ ಮಧ್ಯಾಹ್ನ ಕುರ್ಚಿ ಹಿಂದಕ್ಕೆ ದೂಡಿದ.

"ಪ್ರಾಜಕ್ತಾ, ನಿಮ್ಮ ಆಯಿ ದವಾಖಾನಿಗೆ ಬಂದಾಳ ನೋಡ."

"ಆಯ್ಲಾ, ಏನ ಬಡಬಡಸ್ತಿ?"

"ಖರೇನ. ಬಂದ ನೋಡಿಲ್ಲೆ."

ಪರದೆಯ ಮೇಲೆ ಇತ್ತು: ಸರುಬಾಯಿ, ಹೃದಯ ಪರೀಕ್ಷೆ, ಕೋಣೆ ನಾಲ್ಕು, ಹಾಜರ್. ಸುಳ್ಳು ರೋಗಿ ಹಾಜರಾಗುವುದಿಲ್ಲ. ಹಾಜರ್ ಒತ್ತುವವರು ಬಾಗಿಲಲ್ಲಿ ಕೂತ ಸಿಸ್ಟರ್, ಅದೂ ಮುಖ ನೋಡಿ. ಮೂರು ದಿನದ ಅಳಿಸಿದ ಲೆಕ್ಕದಲ್ಲೂ ಅದೇ ಹಾಜರ್: ಮೊನ್ನೆ ಒಮ್ಮೆ, ನಿನ್ನೆ ಒಮ್ಮೆ, ಇವತ್ತು ಆಗಲೇ ಎರಡು ಸಲ. ಇಬ್ಬರೂ ನೋಡುತ್ತಿದ್ದಂತೆಯೇ ಆ ಸಾಲು ಮಾಯವಾಯಿತು. ಸಂಮೇದ ನಗುವುದನ್ನು ನಿಲ್ಲಿಸಿದ.

ಪ್ರಾಜಕ್ತಾ ನಾಲ್ಕನೇ ಕೋಣೆಯ ಅಲಕಾ ಸಿಸ್ಟರಿಗೆ ಫೋನ್ ಹಚ್ಚಿದಳು.

"ಹೂಂ, ಒಬ್ಬಾಕಿ ಮುದುಕಿ ಬರ್ತಾಳ," ಅಂದಳು ಅಲಕಾ. "ಹಾಜರ್ ಒತ್ತತೇನಿ, ತಿರುಗಿ ನೋಡೂದ್ರಾಗ ಹೆಸರ ಇರೂದಿಲ್ಲ. ಹೆಸರ ಇಲ್ಲದಾಕಿಗೆ ನಾ ಹ್ಯಾಂಗ ಎದಿಗೆ ವಾಯರ್ ಹಚ್ಚಲಿ? ಇಲ್ಲಿ ಹುಡುಗ್ಯಾರು ಆಕಿ ಹತ್ರ ಹೋಗವಲ್ಲರು."

"ಹ್ಯಾಂಗ ಅದಾಳ?"

"ಸಣ್ಣ ಮೈಯಾಕಿ. ಕೈಯಾಗ ಕೊಡೆ ಐತಿ."

ಪ್ರಾಜಕ್ತಾ ಲ್ಯಾಪ್‌ಟಾಪ್ ಚೀಲಕ್ಕೆ ತುರುಕಿ ರಿಕ್ಷಾ ಹತ್ತಿದಳು. ಮಿರಜ ಮುಟ್ಟುವವರೆಗೂ ಚೀಲವನ್ನು ಎದೆಗೆ ಅವುಚಿಕೊಂಡಿದ್ದಳು.

ನಾಲ್ಕನೇ ಕೋಣೆಯೆದುರು ಬೆಂಚು ತುಂಬಿತ್ತು. ತುದಿಯಲ್ಲಿ ಮಾತ್ರ ಒಬ್ಬಳ ಸುತ್ತ ಜಾಗ ಬಿಟ್ಟಿದ್ದರು. ಮುಖ ಅಜ್ಜಿಯದಲ್ಲ. ಪ್ರಾಜಕ್ತಾ ಉಸಿರು ಬಿಡುವಷ್ಟರಲ್ಲಿ ಸ್ಪೀಕರು ಕೂಗಿತು: ಸರುಬಾಯಿ, ಕೋಣೆ ನಾಲ್ಕು. ಮುದುಕಿ ಗೋಡೆ ಹಿಡಿದು ಎದ್ದಳು.

"ಆಯಿ, ಕುಂದ್ರಿ."

"ಯಾಕ ಕುಂದರ್ಲಿ? ಮೂರ ದಿನ ಆತು. ಮುಂಜಾನೆದ್ದು ಫೋನ್ ಮಾಡಿ ಬಾ ಅಂತಾರ. ಬಂದ್ರ ಹೆಸರ ಬರಕೊಂಡ ಕೂಗ್ತಾರ. ಬಾಗಲಕ ಹೋದ್ರ ನೀ ಇಲ್ಲ ಅಂತಾರ. ನಾ ಸತ್ತೇನಿ ಏನಬೇ? ಸತ್ತಿದ್ರ ಹೇಳಿಬಿಡ್ರಿ, ನಮ್ಮೂರ ಆರಗದ ಬಸ್ಸಿನ್ಯಾಗ ಜಗ್ಗ್ಯಾಡೂದರ ತಪ್ಪತೈತಿ."

ಅವಳ ತುಟಿ ನೀಲಿಗಟ್ಟಿತ್ತು. ಎಡಗೈಯನ್ನು ಬಲಗೈ ಒತ್ತಿ ಹಿಡಿದಿತ್ತು.

ಪ್ರಾಜಕ್ತಾ ನೆಲದ ಮೇಲೇ ಕೂತು ಲ್ಯಾಪ್‌ಟಾಪ್ ಬಿಚ್ಚಿದಳು. ತಂಡದ ಹಿರಿಯ ಬಾಬಾಸಾಹೇಬರಿಗೆ ಫೋನಿನಲ್ಲಿ ಎಲ್ಲ ಹೇಳಿದಳು.

"ಆ ನಿಯಮ ತಗದ್ರ ಸುಳ್ಳ ಹೆಸರ ರಾಶಿ ಬೀಳ್ತಾವ, ಪಾಳಿ ಎಲ್ಲಾ ಕಲಸತೈತಿ," ಅಂದರು ಅವರು. "ಸಂಜಿಮುಂದ ಕೂತು ನೋಡೂಣು."

"ಕಾಕಾ, ಇವ್ರು ಸಂಜೀತನಕ ಇರೂದಿಲ್ರಿ."

ಉತ್ತರ ಬರುವ ಮೊದಲೇ ಸುಳ್ಳು ರೋಗಿಯನ್ನೂ ನಿಲ್ಲಿಸಿದಳು, ನಿಯಮವನ್ನೂ ಕಿತ್ತಳು. ಅಲಕಾ ಹೆಸರನ್ನು ಹೊಸದಾಗಿ ಬರೆದುಕೊಂಡಳು. ಇಬ್ಬರೂ ಪರದೆ ನೋಡುತ್ತ ನಿಂತರು. ಐದು ನಿಮಿಷ. ಹತ್ತು. ಹೆಸರು ಅಲ್ಲಿಯೇ ಇತ್ತು. ವಾಯರು ಹಚ್ಚಿದರು. ಬಂದ ಕಾಗದ ನೋಡಿದ ಡಾಕ್ಟರು ಮುದುಕಿಯನ್ನು ಮಂಚದಿಂದ ಇಳಿಯಗೊಡಲಿಲ್ಲ, ನೇರ ಒಳಗೆ ಒಯ್ಯಲು ಹೇಳಿದರು.

ಅಲ್ಲಿಗೆ ಮುಗಿಯಲಿಲ್ಲ. ನಿಯಮ ಹೆಸರನ್ನಷ್ಟೇ ನೋಡುತ್ತಿತ್ತು, ಊರು ನೋಡುತ್ತಿರಲಿಲ್ಲ. ನಾಲ್ಕು ವಾರದಲ್ಲಿ ಅದು ಅಳಿಸಿದ ನಿಜವಾದ ಸರುಬಾಯಿಯರು ಇನ್ನೂ ಮೂವರಿದ್ದರು. ಬೆಳಗಿನ ಫೋನಿನ ಪಟ್ಟಿ ಬೇರೆ ಕಡೆ ಇದ್ದುದರಿಂದ ಅದರಲ್ಲಿ ಮಾತ್ರ ಎಲ್ಲರೂ ಉಳಿದಿದ್ದರು. ಅವರ ಫೋನ್ ನಂಬರುಗಳು ಅಲ್ಲಿ ಸಿಕ್ಕವು.

"ಫೋನ್ ಮಾಡು, ಆದ್ರ ನಮ್ಮವರ ಯಾರ ಹೆಸರೂ ಹೇಳಬ್ಯಾಡ," ಅಂದರು ಬಾಬಾಸಾಹೇಬ. "ತಪ್ಪ ಯಂತ್ರದ್ದು ಅನ್ನು. ನಾವು ಟಿಪ್ಪಣ್ಯಾಗೂ ಹೆಸರ ಹಾಕೂದಿಲ್ಲ. ಹಾಕಿದ್ರ ಮಂದಿ ಮುಚ್ಚಿಡಾಕ ಕಲೀತಾರ."

ತಂಡಕ್ಕೆ ಅದು ಒಳ್ಳೆಯ ಪದ್ಧತಿಯೇ ಇರಬಹುದು. ಬೆಂಚಿನ ಮೇಲೆ ಕೂತವರಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಮೊದಲನೆಯಾಕೆ ಬೇರೆ ಡಾಕ್ಟರಿಗೆ ತೋರಿಸಿಕೊಂಡಿದ್ದಳು. ಎರಡನೆಯಾಕೆ ಮನಸಾರೆ ಬೈದು, ನಾಳೆ ಬರುತ್ತೇನೆಂದಳು. ಮೂರನೆಯದು ಕಾಗವಾಡದ ನಂಬರು. ಮಗ ಎತ್ತಿದ.

"ಅವ್ವ ಹೋಗಿ ಒಂಬತ್ತ ದಿನ ಆತ್ರಿ," ಅಂದ. "ಆದ್ರೂ ದಿನಾ ಮುಂಜಾನೆ ಫೋನ್ ಬರ್ತೈತಿ. ಸರುಬಾಯಿ, ನಿಮ್ಮ ಪಾಳಿ ಐತಿ, ಬರ್ರಿ ಅಂತೈತಿ. ಮನ್ಯಾಗ ಯಾರೂ ಫೋನ್ ಮುಟ್ಟವಲ್ಲರು. ಮೊದಲ ಅದನ್ನ ಬಂದ್ ಮಾಡ್ರಿ."

"ಈಗ ಮಾಡ್ತೇನ್ರಿ."

ಅವಳು ಆ ಪಟ್ಟಿಯಿಂದ ಹೆಸರು ತೆಗೆಯುವವರೆಗೂ ಅವನು ಕಾದ. ಆಮೇಲೆ ಕೇಳಿದ: "ಅಕಿ ದವಾಖಾನಿ ಬಾಗಲಕ ಬಂದಾಗ ನೀ ಇಲ್ಲ ಅಂದಾವರು ಯಾರ್ರಿ?"

"ನಾನ್ರಿ. ಪ್ರಾಜಕ್ತಾ ಶೇಟೆ. ಸಾಂಗಲಿ."

ಅವನು ಬೈಯಲಿಲ್ಲ. ಫೋನನ್ನೂ ಇಡಲಿಲ್ಲ. ಇವಳೂ ಇಡಲಿಲ್ಲ.