ನಿಂತು ತಿರುವಲಾಗದ ಮುದ್ದೆ

ಪಂಚನಹಳ್ಳಿಯ ಗಾರೆ ಈರಭದ್ರಪ್ಪನ ಹೆಸರು ತೀರ್ಥಮ್ಮನ ಕಿವಿಗೆ ಮೊದಲು ಬಿದ್ದದ್ದು ದೇವನೂರಿನ ಹಿಟ್ಟಿನ ಗಿರಣಿಯಲ್ಲಿ, ಎಪ್ಪತ್ತೆಂಟರ ಸುಗ್ಗಿಯಲ್ಲಿ.

"ಹೆಂಡ್ತಿ ಹೊಗೆ ಕುಡ್ದು ಕುಡ್ದು ಕೆಮ್ಮಿ ಸತ್ಲಂತೆ. ಈಗ ಗೋಡೆ ಕಟ್ಟೋದ್ ಬಿಟ್ಟು, ಹೊಗೆ ಬರ್ದಿರೋ ಒಲೆ ಕಟ್ತಾನಂತೆ ಕಣೇ. ಗಂಡಸಿಗ್ಯಾಕೆ ಒಲೆ ಉಸಾಬರಿ?" ಎಂದು ಪಕ್ಕದ ಮನೆಯ ಮಾರಮ್ಮ ನಕ್ಕಳು.

ತೀರ್ಥಮ್ಮನಿಗೆ ನಗು ಬರಲಿಲ್ಲ. ಅವಳ ಕಣ್ಣೂ ದಿನವೂ ಉರಿಯುತ್ತಿತ್ತು. ಗಂಡ ದೇವೀರಪ್ಪನನ್ನು ಕಾಡಿ ಬೇಡಿ ಈರಭದ್ರಪ್ಪನನ್ನು ಕರೆಸಿದಳು. ಹೆಂಗಸರು ನಡು ಬಗ್ಗಿಸಬಾರದೆಂದು ಅವನು ಸೊಂಟದೆತ್ತರಕ್ಕೆ ಕಟ್ಟೆ ಎತ್ತಿ, ಅದರ ಮೇಲೆ ಒಲೆ ಹಾಕಿ, ಹೊಗೆಗೆ ಸೂರಿನಾಚೆ ಕೊಳವೆ ಇಟ್ಟ. ಸತ್ತ ಹೆಂಡತಿಗೇ ಕಟ್ಟಿಕೊಡುವವನ ಹಾಗೆ ಕಟ್ಟಿದ.

ಆಮೇಲೆ ಊರೂರು ತಿರುಗಿ, ಒಲೆ ಕಟ್ಟಿಕೊಟ್ಟ ಮನೆಗಳ ಜಗಲಿಯ ಮೇಲೆ ಕೂತು ಕೇಳುತ್ತಿದ್ದ. "ಒಲೆ ಹೆಂಗೈತೆ ಯಜಮಾನ್ರೇ?"

"ಬೊಂಬಾಟಾಗೈತೆ ಕಣಯ್ಯ!"

ಉಣ್ಣುವ ಗಂಡಸರು ಇನ್ನೇನೆಂದಾರು? ಆದರೂ ಹೊಸದಾಗಿ ಕಟ್ಟಿಸುವವರಿಲ್ಲ. "ಹಿಂಗಾದ್ರೆ ಒಲೆ ಬಿಟ್ಟು ಮತ್ತೆ ಗೋಡೆಗೇ ಹೋಗ್ಬೇಕು ದೇವೀರಪ್ನೋರೇ," ಎಂದ ಒಂದು ದಿನ. ದನಿ ಬಿದ್ದುಹೋಗಿತ್ತು.

ಕೈಯಾರೆ ಕೆಲಸ ಮಾಡಿಕೊಟ್ಟವನ ಎದುರಿಗೆ ಐಬು ಆಡಬಾರದೆಂದು ತೀರ್ಥಮ್ಮನಿಗೆ ಅತ್ತೆ ಕಲಿಸಿದ್ದರು. ಬಾಗಿಲ ಮರೆಯಲ್ಲಿದ್ದವಳಿಗೆ ಅಂದು ತಡೆಯಲಾಗಲಿಲ್ಲ.

"ಒಸಿ ಒಳಗ್ ಬಂದ್ ನೋಡ್ರಣ್ಣ."

ಹಿತ್ತಿಲಲ್ಲಿ ಹಳೆಯ ಮೂರು ಕಲ್ಲಿನ ಒಲೆ ಹೊಗೆಯಾಡುತ್ತಿತ್ತು. ತೀರ್ಥಮ್ಮ ಕುಕ್ಕರಗಾಲಲ್ಲಿ ಕೂತು, ಪಾತ್ರೆ ಅಲುಗದಂತೆ ಕವೆಗೋಲು ಹಾಕಿ, ಅದನ್ನು ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಮುದ್ದೆ ತಿರುವಿದಳು, ಕೆಮ್ಮುತ್ತಾ.

"ಸಾರಿಗೆ ನಿಮ್ಮೊಲೆ, ಮುದ್ದೆಗೆ ಇದೇ. ಆ ಕಟ್ಟೆ ಮೇಲೆ ಕಾಲಿಡಾಕೆ ನಾನೇನ್ ಕೋತಿಯಾ?"

ಈರಭದ್ರಪ್ಪ ನಕ್ಕವನು ಹಾಗೇ ಆ ಒಲೆಯೆದುರು ಕೂತ. "ನಮ್ಮೋಳೂ ಹಿಂಗೇ ಕೂರ್ತಿದ್ಲು ಕಣವ್ವ. ಅಷ್ಟ್ ವರ್ಷ ಉಂಡೆ. ತಿರುವೋದ್ನ ಒಂದಿನಾನೂ ನೋಡ್ಲಿಲ್ಲ."

ಮಾರನೆಯ ದಿನ ತಾನೇ ಕಟ್ಟಿದ ಕಟ್ಟೆ ಒಡೆದು, ಒಲೆಯನ್ನು ನೆಲಕ್ಕಿಳಿಸಿದ. "ಕಾಲು ಇಲ್ಲಿಗೆ ಬತ್ತದಾ? ಮಂಡಿಗೆ ಕಾವು ತಾಗ್ತದಾ?" ತೀರ್ಥಮ್ಮ "ತಾಗ್ತದೆ" ಎಂದರೆ ಮತ್ತೆ ಒಡೆಯುವನು. ಅಲ್ಲಿಂದಾಚೆಗೆ ಯಾವ ಊರಿಗೆ ಹೋದರೂ ಜಗಲಿ ದಾಟಿ, "ಮೊದ್ಲು ಮುದ್ದೆ ತಿರುವಿ ತೋರ್ಸಿ, ಆಮೇಲೆ ಕಟ್ತೀನಿ" ಎನ್ನುತ್ತಿದ್ದ. ನಕ್ಕಿದ್ದ ಮಾರಮ್ಮನೂ ಕಟ್ಟಿಸಿಕೊಂಡಳು. ಅಜ್ಜಂಪುರದಿಂದಲೂ ಕರೆ ಬಂತು.

ಎಂಬತ್ತಾರರಲ್ಲಿ ಅವನಿಗೆ ಗಂಟಲ ಬೇನೆ, ಗಂಜಿಯೂ ಇಳಿಯದು. ಆದರೂ ಒಂದು ದಿನ ಬಸ್ಸಿಳಿದು, ಗೋಡೆ ಹಿಡಿದುಕೊಂಡು ಬಂದು, ತೀರ್ಥಮ್ಮನ ಒಲೆ ಪಕ್ಕ ಕೂತ.

"ಮೆತ್ತಗೆ ಏನಾರ ಮಾಡ್ಕೊಡ್ಲಾ ಅಣ್ಣ?"

"ಬ್ಯಾಡ ಕಣವ್ವ, ಉಣ್ಣಾಕಾಗಲ್ಲ. ಒಂದ್ ಮುದ್ದೆ ತಿರುವು. ಕೂತ್ ನೋಡ್ತೀನಿ."